ಸಂಬಳವೂ ಸಂಕೋಚವೂ

ಕನ್ನಡ ನಾಡಿನ ವಿದ್ಯಾವಂತರ ಮನೆಗಳಲ್ಲಿ ಎಲ್ಲ ಮಾತುಗಳಿಗೂ ಎಡೆಯುಂಟು. ಸಂಬಳದ ಮಾತಿಗೆ ಮಾತ್ರ ಎಡೆಯಿಲ್ಲ. ಬದನೆಕಾಯಿಯ ಬೆಲೆಯಲ್ಲಿ ಎರಡು ರೂಪಾಯಿ ಇಳಿಸುವುದಕ್ಕಾಗಿ ಬಿಸಿಲಿನಲ್ಲಿ ಕಾಲು ಗಂಟೆ ನಿಲ್ಲುವ ಗೃಹಿಣಿಯೂ, ಇಟ್ಟಿಗೆಯ ಲೆಕ್ಕದಲ್ಲಿ ಮೇಸ್ತ್ರಿಯೊಡನೆ ದಿನವೆಲ್ಲ ವಾದಿಸುವ ಯಜಮಾನನೂ, ಮಗನಿಗೋ ಮಗಳಿಗೋ ಕೆಲಸದ ಆದೇಶ ಬಂದ ದಿನ ಮೌನವನ್ನು ತಾಳುವರು. ಆದೇಶದ ಕಾಗದವು ದೇವರ ಗೂಡನ್ನು ಸೇರುವುದು. ಅದರಲ್ಲಿ ಬರೆದಿರುವ ಅಂಕಿಯನ್ನು ಎರಡನೆಯ ಸಲ ಓದುವ ಧೈರ್ಯ ಯಾರಿಗೂ ಬಾರದು. ಓದಿದರೆ ಆಶೆಬುರುಕತನವಾದೀತೆಂಬ ಅಂಜಿಕೆ. ಅದರಲ್ಲಿಯೂ ಕೆಲಸವು ಸರಕಾರದ್ದಾಗಿದ್ದರೆ ಹೇಳತಕ್ಕದ್ದೇ ಇಲ್ಲ. "ಸಿಕ್ಕಿತಲ್ಲ, ಅದೇ ಪುಣ್ಯ" ಎಂಬ ಒಂದೇ ಮಾತಿನಲ್ಲಿ ಮೂವತ್ತು ವರ್ಷದ ಲೆಕ್ಕವೆಲ್ಲ ಮುಗಿದುಹೋಗುವುದು.

ಸಂಬಳವೆಂಬ ಶಬ್ದದ ಮೂಲವನ್ನು ವಿಚಾರಿಸಿದರೆ ಈ ನಾಚಿಕೆಗೆ ಕಾರಣವು ಕಾಣಿಸುವುದಿಲ್ಲ. ಸಂಸ್ಕೃತದಲ್ಲಿ ಶಂಬಲವೆಂದರೆ ದಾರಿಯ ಬುತ್ತಿ. ದೂರದ ಪಯಣಕ್ಕೆ ಹೊರಟವನು ಗಂಟನ್ನು ಬಿಚ್ಚಿ, ಬುತ್ತಿಯು ಎಷ್ಟು ದಿನಕ್ಕೆ ಬರುವುದೆಂದು ನೋಡಿಕೊಂಡರೆ ಅವನನ್ನು ಯಾರೂ ಲೋಭಿಯೆಂದು ಕರೆಯುವುದಿಲ್ಲ, ವಿವೇಕಿಯೆಂದೇ ಕರೆಯುವರು. ಹಾಗೆ ನೋಡಿಕೊಳ್ಳದೆ ಹೊರಟು, ನಡುದಾರಿಯಲ್ಲಿ ಹಸಿದು, ಕಂಡವರ ಬುತ್ತಿಗೆ ಕೈಚಾಚುವವನೇ ನಿಂದೆಗೆ ಪಾತ್ರನು.

ಆದರೆ ಇದಕ್ಕೆ ಎದುರಾದ ತಪ್ಪು ತಿಳಿವಳಿಕೆಯೂ ಒಂದುಂಟು. ಖಾಸಗಿ ಕಂಪನಿಗಳಲ್ಲಿ ಕೆಲವು ವರ್ಷ ದುಡಿದು ಬಂದ ತರುಣರು, ಸಂತೆಯಲ್ಲಿ ದನದ ವ್ಯಾಪಾರವು ಟವಲಿನ ಮರೆಯಲ್ಲಿ ಬೆರಳು ಹಿಡಿದು ಕುದುರುವಂತೆ, ಸರಕಾರದ ಸಂಬಳವೂ ಕುದುರುವುದೆಂದು ಭಾವಿಸುವರು. ಅದು ಹಾಗಲ್ಲ. ಸರಕಾರದಲ್ಲಿ ಸಂಬಳವು ವ್ಯಕ್ತಿಗೆ ಕಟ್ಟಿದ ಬೆಲೆಯಲ್ಲ. ಸ್ಥಾನಕ್ಕೆ ಕಟ್ಟಿದ ಬೆಲೆ. ಈ ಪದ್ಧತಿಯು ಇಂದು ನಿನ್ನೆಯದೂ ಅಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾಗಿ ಲೋಕಕ್ಕೆ ಗೊತ್ತಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಸೇವಕರ ವೇತನಕ್ಕೆಂದೇ ಒಂದು ಪ್ರಕರಣವಿದೆ. ಮಂತ್ರಿ, ಪುರೋಹಿತ, ಸೇನಾಪತಿ ಮೊದಲಾದವರಿಗೆ 48,000 ಪಣ. ಅಲ್ಲಿಂದ 24,000, 12,000, 8,000 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಯ ಸೇವಕರಿಗೆ 60 ಪಣ. ಇಷ್ಟು ಕೊಟ್ಟರೆ ಸೇವಕರು ಪರರ ಆಮಿಷಕ್ಕೆ ಒಳಗಾಗರು, ಕೋಪಗೊಂಡು ತಿರುಗಿಬೀಳರು ಎಂಬುದು ಗ್ರಂಥಕಾರನ ತರ್ಕ. ಅಲ್ಲಿಯೂ ಮಂತ್ರಿಯೊಡನೆ ಚೌಕಾಸಿಯ ಮಾತಿಲ್ಲ, ಪಟ್ಟಿಯೊಂದೇ ಇದೆ.

ಆಂಗ್ಲರ ಆಡಳಿತವು ಇದೇ ಪಟ್ಟಿಯನ್ನು ಬೇರೆ ತರ್ಕದಿಂದ ಕಟ್ಟಿತು. 1912ರಲ್ಲಿ ನೇಮಕವಾದ ಇಸ್ಲಿಂಗ್ಟನ್ ಆಯೋಗವು, ತಕ್ಕ ಯೋಗ್ಯತೆಯವರನ್ನು ಸೇವೆಗೆ ಸೆಳೆಯುವುದಕ್ಕೂ, ಅವರು ಮರ್ಯಾದೆಯಿಂದ ಬಾಳಿ ಆಮಿಷಕ್ಕೆ ಬಲಿಯಾಗದಿರುವುದಕ್ಕೂ ಎಷ್ಟು ಬೇಕೋ ಅಷ್ಟನ್ನೇ ಸರಕಾರವು ಕೊಡತಕ್ಕದ್ದು, ಹೆಚ್ಚನ್ನಲ್ಲ ಎಂದು ತತ್ತ್ವವನ್ನು ಹಾಕಿಕೊಟ್ಟಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ವರದಾಚಾರಿಯವರ ಅಧ್ಯಕ್ಷತೆಯಲ್ಲಿ ಕುಳಿತ ಮೊದಲನೆಯ ವೇತನ ಆಯೋಗವು 1947ರಲ್ಲಿ ಅತ್ಯಂತ ಕೆಳಗಿನ ನೌಕರನಿಗೆ ತಿಂಗಳಿಗೆ 55 ರೂಪಾಯಿಯನ್ನು ಗೊತ್ತುಮಾಡಿತು. ನ್ಯಾಯಮೂರ್ತಿ ಮಾಥೂರರ ಏಳನೆಯ ಆಯೋಗದ ಶಿಫಾರಸಿನಂತೆ 2016ರ ಜನವರಿ 1ರಿಂದ ಆ ಮೊತ್ತವು 18,000 ರೂಪಾಯಿಯಾಯಿತು. ತುದಿಯಲ್ಲಿ ಸಂಪುಟ ಕಾರ್ಯದರ್ಶಿಯ ವೇತನವು 2,50,000. ಕರ್ನಾಟಕ ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ, ಇಲ್ಲಿಯ ಕನಿಷ್ಠ ಮೂಲವೇತನವು 17,000ದಿಂದ 27,000ಕ್ಕೆ ಏರಿತು.

ಈ ಅಂಕಿಗಳು ಆಕಾಶದಿಂದ ಇಳಿದವಲ್ಲ. 1957ರಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರಕಾರದವರೂ ಮಾಲಿಕರೂ ಕಾರ್ಮಿಕರೂ ಒಟ್ಟಿಗೆ ಕುಳಿತು, ಒಂದು ಸಂಸಾರಕ್ಕೆ ಏನೇನು ಬೇಕೆಂಬ ಲೆಕ್ಕ ಹಾಕಿದರು. ಆಹಾರತಜ್ಞ ಆಯ್ಕ್ರಾಯ್ಡರ ಅಳತೆಯಂತೆ ಊಟ, ವರ್ಷಕ್ಕೆ 72 ಗಜ ಬಟ್ಟೆ, ಮನೆಯ ಬಾಡಿಗೆ, ಸೌದೆ ದೀಪಗಳ ಖರ್ಚಿಗೆ ನೂರಕ್ಕೆ ಇಪ್ಪತ್ತು. ಏಳನೆಯ ಆಯೋಗವು 18,000ವನ್ನು ಕಂಡುಕೊಂಡದ್ದೂ ಈ ಸೂತ್ರದ ಆಧಾರದಿಂದಲೇ. ಆದುದರಿಂದ ಸರಕಾರಿ ಸಂಬಳದಲ್ಲಿ ಚೌಕಾಸಿಯೇ ಇಲ್ಲವೆಂದು ಹೇಳುವುದು ಸರಿಯಲ್ಲ. ಚೌಕಾಸಿ ಉಂಟು, ಅದು ಎಲ್ಲರ ಪರವಾಗಿ, ಹತ್ತು ವರ್ಷಕ್ಕೊಮ್ಮೆಯೋ ಇನ್ನೂ ತಡವಾಗಿಯೋ, ಆಯೋಗಗಳ ಮುಂದೆ ಸಂಘಗಳ ಮೂಲಕ ನಡೆಯತಕ್ಕದ್ದು. ಒಬ್ಬೊಬ್ಬನೂ ತನ್ನ ತನ್ನ ಅಂಕಿಯನ್ನು ಕುದುರಿಸಿಕೊಳ್ಳುವಂತಿಲ್ಲ.

ಹಾಗಾದರೆ ಒಬ್ಬನು ಕೇಳುವುದಕ್ಕೆ ಉಳಿದದ್ದೇನು? ಏಣಿಯ ಎತ್ತರವನ್ನು ಬದಲಿಸುವುದು ಅವನ ಕೈಯಲ್ಲಿಲ್ಲ. ಆದರೆ ಯಾವ ಮೆಟ್ಟಿಲಿನಲ್ಲಿ ಕಾಲಿಡುವುದೆಂಬ ಪ್ರಶ್ನೆಯು ಎಷ್ಟೋ ಸಲ ತೆರೆದೇ ಇರುವುದು. ಕೇಂದ್ರ ಸರಕಾರದ ಏಳನೆಯ ಆಯೋಗದ ಕೋಷ್ಟಕದಲ್ಲಿ ಹತ್ತನೆಯ ಹಂತವು 56,100ರಿಂದ ಆರಂಭವಾಗುವುದು. ಅದರ ಮೇಲಿನ ಮೆಟ್ಟಿಲುಗಳು 57,800, 59,500, 61,300, 63,100, 65,000, 67,000 ಎಂದು, ಮೆಟ್ಟಿಲಿಗೆ ಸುಮಾರು ನೂರಕ್ಕೆ ಮೂರರಂತೆ ಏರುತ್ತ ಹೋಗುವುವು. ಆದೇಶದ ಕಾಗದದಲ್ಲಿ ಸಾಮಾನ್ಯವಾಗಿ ಬರೆದಿರುವುದು ಮೊದಲನೆಯ ಮೆಟ್ಟಿಲಿನ ಅಂಕಿ. ಓದಿದವರು ಅದನ್ನು ವಿಧಿಲಿಖಿತವೆಂದು ತಿಳಿಯುವರು. ಆದರೆ ಹಿಂದಿನ ಸೇವೆಯ ಬಲದಿಂದ ಕೆಲವರು ಏಳನೆಯ ಮೆಟ್ಟಿಲಿನಲ್ಲಿಯೇ ನಿಲ್ಲಲು ಹಕ್ಕುಳ್ಳವರಾಗಿರುವರು. ಈ ಹಕ್ಕು ಕೇಳಿದವರಿಗೆ ಮಾತ್ರ ಲಭಿಸುವಂಥದು.

ಶಿವಮೊಗ್ಗೆಯ ಹಳೆಯ ಕೇರಿಯೊಂದರಲ್ಲಿ ನಡೆದ ಪ್ರಸಂಗವೊಂದು ಇದಕ್ಕೆ ತಕ್ಕ ನಿದರ್ಶನವಾಗಿದೆ. ಆ ಮನೆಯ ಮಗಳು ಹೈದರಾಬಾದಿನ ಒಂದು ಸ್ವಾಯತ್ತ ಸಂಶೋಧನ ಸಂಸ್ಥೆಯಲ್ಲಿ ಆರು ವರ್ಷಕ್ಕೂ ಮೇಲ್ಪಟ್ಟು ಕೆಲಸಮಾಡಿದ್ದಳು. ಆಕೆಯ ಮೂಲವೇತನವು ವರ್ಷಕ್ಕೊಂದು ಮೆಟ್ಟಿಲಿನಂತೆ ಏರಿ 67,000 ರೂಪಾಯಿಯನ್ನು ಮುಟ್ಟಿತ್ತು. ಅಷ್ಟರಲ್ಲಿ ಕೇಂದ್ರ ಸರಕಾರದ ಒಂದು ವೈಜ್ಞಾನಿಕ ಇಲಾಖೆಗೆ ಸಂದರ್ಶನದ ಮೂಲಕ ಆಯ್ಕೆಯಾಗಿ, ಬೆಂಗಳೂರಿನಲ್ಲಿ ಸ್ಥಾನವೂ ದೊರೆಯಿತು. ಮುದುಕರಾಗುತ್ತಿದ್ದ ತಂದೆತಾಯಿಗಳಿಗೆ ಮಗಳು ಒಂದು ರಾತ್ರಿಯ ರೈಲಿನಷ್ಟು ಹತ್ತಿರ ಬರುವಳೆಂಬುದೇ ದೊಡ್ಡ ಸಂತೋಷ. ಆದೇಶದಲ್ಲಿ ಹಂತವು ಹತ್ತೆಂದೂ, ವೇತನವು 56,100 ಎಂದೂ ಇತ್ತು.

ತಂದೆಯು ಕೇಂದ್ರ ಸರಕಾರದ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಗುಮಾಸ್ತೆಯಾಗಿಯೂ ಮೇಲ್ವಿಚಾರಕನಾಗಿಯೂ ಇದ್ದು ನಿವೃತ್ತನಾದವನು. ಊರಿನವರ ವೇತನ, ನಿವೃತ್ತಿ ವೇತನಗಳ ತೊಡಕುಗಳನ್ನು ಜಗಲಿಯ ಮೇಲೆ ಕುಳಿತು ಬಿಡಿಸಿಕೊಡುತ್ತಿದ್ದವನು. ಆದರೂ ಮಗಳು ಕಾಗದವನ್ನು ತೋರಿಸಿದಾಗ ಆತನು ಕನ್ನಡಕವನ್ನು ತೆಗೆದಿಟ್ಟು, "ಸೇರಿಕೊಂಡು ಬಿಡಮ್ಮ. ಕಾಲಿಡುವ ಮೊದಲೇ ಕಾಸಿನ ಮಾತೆತ್ತಿದರೆ ಕಚೇರಿಯಲ್ಲಿ ಒಳ್ಳೆಯ ಹೆಸರು ಬರುವುದಿಲ್ಲ" ಎಂದನು.

"ಅಪ್ಪಾ, ಹೆಚ್ಚು ಕೊಡಿರೆಂದು ನಾನು ಕೇಳುವುದಿಲ್ಲ. ಈಗ ಬರುತ್ತಿರುವುದನ್ನು ಕಡಿಮೆ ಮಾಡಬೇಡಿರೆಂದು ಕೇಳುವುದೂ ತಪ್ಪೇ?"

ತಂದೆಯು ಉತ್ತರ ಕೊಡಲಿಲ್ಲ. ಒಳಗೆ ಅಕ್ಕಿ ಆರಿಸುತ್ತಿದ್ದ ತಾಯಿಯು ತಲೆಯೆತ್ತದೆ, "ಊರಿನವರಿಗೆಲ್ಲ ಅರ್ಜಿ ಬರೆದುಕೊಟ್ಟಿದ್ದೀರಿ. ಮಗಳಿಗೊಂದು ಬರೆದುಕೊಟ್ಟರೆ ಮಸಿ ಮುಗಿದುಹೋಗುತ್ತದೆಯೇ?" ಎಂದಳು.

ಆಗ ಆತನು ಎಂದೂ ಆಡದ ಒಂದು ಮಾತನ್ನು ಆಡಿದನು. ಸೇವೆಯ ನಡುವಿನಲ್ಲಿ ಆತನಿಗೆ ಬಡ್ತಿ ಬಂದಿತ್ತು. ಬಡ್ತಿ ಬಂದವನು ತನ್ನ ವೇತನವನ್ನು ಆ ದಿನದಿಂದಲೇ ನಿಗದಿಪಡಿಸಬೇಕೇ, ಅಥವಾ ಹಳೆಯ ಶ್ರೇಣಿಯಲ್ಲಿ ಮುಂದೆ ಬರಲಿರುವ ವಾರ್ಷಿಕ ಏರಿಕೆಯ ದಿನದಿಂದ ನಿಗದಿಪಡಿಸಬೇಕೇ ಎಂಬ ಆಯ್ಕೆಯನ್ನು ಒಂದು ತಿಂಗಳೊಳಗಾಗಿ ಬರೆದುಕೊಡತಕ್ಕದ್ದು. ಜೊತೆಯ ಮೂವರಿಗೆ ಆ ಕಾಗದವನ್ನು ಬರೆದುಕೊಟ್ಟವನು ಆತನೇ. ತನ್ನದನ್ನು ಮಾತ್ರ ಮೇಲಧಿಕಾರಿಯ ಮುಂದಿಡಲು ನಾಚಿದನು. ಹೊಸ ಬಡ್ತಿ, ಆಗಲೇ ಹಣದ ವಿಚಾರವೇ ಎಂದು ಅವರು ಅಂದುಕೊಂಡಾರೆಂದು. ತಿಂಗಳು ಕಳೆಯಿತು. ಅಂದು ತಪ್ಪಿಹೋದ ಒಂದು ಮೆಟ್ಟಿಲು ನಿವೃತ್ತಿಯವರೆಗೂ ಸಿಕ್ಕಲಿಲ್ಲ. ನಿವೃತ್ತಿ ವೇತನವು ಕೊನೆಯ ವೇತನದ ಮೇಲೆ ನಿಲ್ಲುವುದರಿಂದ, ಆ ಒಂದು ತಿಂಗಳ ಸಂಕೋಚದ ಬಡ್ಡಿಯನ್ನು ಆತನು ಇಂದಿಗೂ ಕಟ್ಟುತ್ತಿದ್ದನು. ಹೆಂಡತಿಗೂ ಈ ಸಂಗತಿಯು ತಿಳಿದದ್ದು ಅಂದೇ.

ಮಗಳ ಲೆಕ್ಕವಾದರೋ ಒಂದು ಮೆಟ್ಟಿಲಿನದಲ್ಲ, ಆರು ಮೆಟ್ಟಿಲಿನದು. 67,000ಕ್ಕೂ 56,100ಕ್ಕೂ ನಡುವಿನ ಅಂತರವು ತಿಂಗಳಿಗೆ 10,900. ವರ್ಷಕ್ಕೆ 1,30,800 ರೂಪಾಯಿ. ಇದು ಬರಿಯ ಮೂಲವೇತನದ ಮಾತು. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆಗಳು ಮೂಲವೇತನಕ್ಕೆ ನೂರಕ್ಕಿಷ್ಟೆಂದು ಕೂಡುವುದರಿಂದ ನಿಜವಾದ ಅಂತರವು ಇನ್ನೂ ದೊಡ್ಡದು. ಕೆಳಗೆ ನಿಂತವನೂ ಮೇಲೆ ನಿಂತವನೂ ವರ್ಷಕ್ಕೆ ಒಂದೊಂದೇ ಮೆಟ್ಟಿಲನ್ನು ಏರುವರಾದ್ದರಿಂದ, ಮೊದಲ ದಿನದ ಅಂತರವು ತಾನಾಗಿ ಎಂದೂ ಮುಚ್ಚುವುದಿಲ್ಲ. ನೆಟ್ಟಾಗ ಓರೆಯಾದ ಅಡಕೆಯ ಸಸಿಯಂತೆ, ಅದು ಬೆಳೆದಷ್ಟೂ ಓರೆ ಬೆಳೆಯುವುದು.

ತಂದೆಯೇ ಕುಳಿತು ಅರ್ಜಿಯನ್ನು ಬರೆದನು. ಅದರಲ್ಲಿ ಆಶೆಯ ಮಾತಾಗಲಿ, ಬೆದರಿಕೆಯ ಮಾತಾಗಲಿ ಇರಲಿಲ್ಲ. ಮೊದಲ ವಾಕ್ಯದಲ್ಲಿ ನೇಮಕವನ್ನು ಒಪ್ಪಿಕೊಂಡದ್ದು, ಎರಡನೆಯದರಲ್ಲಿ ಇಂಥ ಸಂಸ್ಥೆಯಲ್ಲಿ ಇಂಥ ದಿನದಿಂದ ಇಂಥ ವೇತನವನ್ನು ಪಡೆಯುತ್ತಿರುವುದು, ಮೂರನೆಯದರಲ್ಲಿ ಸಾರ್ವಜನಿಕ ಉದ್ಯಮ, ವಿಶ್ವವಿದ್ಯಾನಿಲಯ, ಸ್ವಾಯತ್ತ ಸಂಸ್ಥೆಗಳಿಂದ ಸಂದರ್ಶನದ ಮೂಲಕ ಆಯ್ಕೆಯಾಗಿ ಬರುವವರ ವೇತನವನ್ನು ರಕ್ಷಿಸತಕ್ಕದ್ದೆಂದು 1989ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಆದೇಶದ ಉಲ್ಲೇಖ, ನಾಲ್ಕನೆಯದರಲ್ಲಿ ವಿನಂತಿ. ಲಗತ್ತುಗಳ ಪಟ್ಟಿಯು ಅರ್ಜಿಗಿಂತಲೂ ಉದ್ದವಾಗಿತ್ತು.

"ಬೇರೆ ಕಡೆ ಹೆಚ್ಚು ಕೊಡುತ್ತಾರೆಂದು ಬರೆಯುವುದು ಬೇಡವೇ?" ಎಂದು ಮಗಳು ಕೇಳಿದಾಗ ಆತನು ನಕ್ಕನು. "ಅದನ್ನು ಬರೆದರೆ ಹೋಗು ಎನ್ನುತ್ತಾರೆ, ಅಷ್ಟೆ. ನಿಯಮವನ್ನು ಬರೆದರೆ ಹೋಗು ಎನ್ನಲು ಕಾರಣ ಹುಡುಕಬೇಕಾಗುತ್ತದೆ."

ಸರಕಾರದೊಡನೆ ಸಂಬಳದ ಮಾತಾಡುವ ವಿದ್ಯೆಯ ಸಾರವೆಲ್ಲ ಈ ಮಾತಿನಲ್ಲಿದೆ. ಅಂಗಡಿಯ ಯಜಮಾನನು ತನ್ನ ಪೆಟ್ಟಿಗೆಯಿಂದ ತೆಗೆದುಕೊಡುವನು. ಇಷ್ಟಬಂದರೆ ಹೆಚ್ಚು, ಇಲ್ಲವಾದರೆ ಕಡಿಮೆ. ಸರಕಾರದ ಅಧಿಕಾರಿಗೆ ಪೆಟ್ಟಿಗೆಯಿಲ್ಲ. ಅವನು ಎಷ್ಟೇ ಸಹೃದಯನಾಗಿದ್ದರೂ, ಅರ್ಜಿದಾರರ ಯೋಗ್ಯತೆಗೆ ಎಷ್ಟೇ ಮೆಚ್ಚಿದ್ದರೂ, ಕಡತದ ಟಿಪ್ಪಣಿಯಲ್ಲಿ ಬರೆಯಲು ಅವನಿಗೊಂದು ನಿಯಮ ಬೇಕು. ಆ ನಿಯಮದ ಕೆಳಗೆ ಕಟ್ಟಲು ಒಂದು ಕಾಗದ ಬೇಕು. ಐದು ವರ್ಷದ ಮೇಲೆ ಲೆಕ್ಕ ತನಿಖೆಯವನು ಬಂದು ಕೆಂಪು ಮಸಿಯಿಂದ ಪ್ರಶ್ನಿಸಿದರೆ ಆ ಕಾಗದವೇ ಅವನ ಕವಚ. ಆದುದರಿಂದ ಕೇಳುವವನು ಅಧಿಕಾರಿಯ ಎದುರಾಳಿಯಲ್ಲ. ಅವನ ಕೈಗೆ ಆಧಾರವನ್ನು ಒದಗಿಸುವ ಸಹಾಯಕನು.

ಈ ಆಧಾರಗಳಿಗೂ ಒಂದು ಕ್ರಮವುಂಟು. ಕ್ರಮ ತಪ್ಪಿದರೆ ಹಕ್ಕು ಕೈಬಿಡುವುದು. ಹೊಸ ಕೆಲಸಕ್ಕೆ ಅರ್ಜಿಯನ್ನು ಹಳೆಯ ಕಚೇರಿಯ ಮೂಲಕವೇ, ಇಲ್ಲವೆ ಅದರ ನಿರಾಕ್ಷೇಪಣಾ ಪತ್ರದೊಡನೆ ಕಳುಹಿಸಿರಬೇಕು. ಒಂದು ಸರಕಾರಿ ಕೆಲಸದಿಂದ ಇನ್ನೊಂದಕ್ಕೆ ಹೋಗುವವರು ಬರಿಯ ರಾಜೀನಾಮೆಯನ್ನು ಕೊಟ್ಟು ಹೊರಬಂದರೆ ಹಿಂದಿನ ಸೇವೆಯೆಲ್ಲ ನೀರಿನಲ್ಲಿ ಹೋಮಮಾಡಿದಂತೆ; ಅನುಮತಿ ಪಡೆದು ಅರ್ಜಿ ಹಾಕಿ, ಹೊಸ ಸ್ಥಾನಕ್ಕೆ ಸೇರುವ ಸಲುವಾಗಿಯೇ ಬಿಡುತ್ತೇನೆಂದು ಸ್ಪಷ್ಟವಾಗಿ ಬರೆದುಕೊಡುವ ರಾಜೀನಾಮೆಗೆ ತಾಂತ್ರಿಕ ರಾಜೀನಾಮೆಯೆಂದು ಹೆಸರು. ಇದರ ಬೆಲೆ ಸಣ್ಣದಲ್ಲ. ಕೇಂದ್ರದಲ್ಲಿ 2004ರ ಜನವರಿ 1ರಿಂದಲೂ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದಲೂ ಹೊಸದಾಗಿ ಸೇರಿದವರನ್ನು ಹೊಸ ಪಿಂಚಣಿ ಯೋಜನೆಗೆ ಒಳಪಡಿಸಲಾಯಿತಷ್ಟೆ. ಆ ದಿನಕ್ಕೆ ಹಿಂದೆ ಸೇವೆಗೆ ಬಂದು ಆಮೇಲೆ ಕೆಲಸ ಬದಲಿಸಿದವರಲ್ಲಿ, ಹಳೆಯ ನಿವೃತ್ತಿ ವೇತನ ಉಳಿಯುವುದೂ ಕಳೆಯುವುದೂ ರಾಜೀನಾಮೆಯ ಒಂದು ವಾಕ್ಯದ ಮೇಲೆ ನಿಂತದ್ದುಂಟು. ಕೊನೆಯ ವೇತನದ ಪ್ರಮಾಣಪತ್ರ, ಬಿಡುಗಡೆಯ ಆದೇಶ, ಸೇವಾ ಪುಸ್ತಕದ ಪ್ರತಿ ಇವನ್ನು ಹಳೆಯ ಕಚೇರಿಯ ಬಾಗಿಲು ದಾಟುವ ಮುನ್ನವೇ ಪಡೆದುಕೊಳ್ಳತಕ್ಕದ್ದು. ಬಾಗಿಲು ದಾಟಿದ ಮೇಲೆ ಅದೇ ಮೇಜಿನ ಗುಮಾಸ್ತೆಗೆ ಅದೇ ಮುಖವು ಗುರುತು ಸಿಕ್ಕುವುದಿಲ್ಲ.

ಖಾಸಗಿ ಕಂಪನಿಯಿಂದ ಬರುವವರಿಗೆ ಈ ವೇತನರಕ್ಷಣೆಯು ಅನ್ವಯಿಸುವುದಿಲ್ಲ. ಅವರಿಗೆ ತೆರೆದಿರುವ ಬಾಗಿಲು ಬೇರೆ. ವಿಶೇಷ ಯೋಗ್ಯತೆ, ಅನುಭವಗಳುಳ್ಳವರಿಗೆ ಆರಂಭದಲ್ಲಿಯೇ ಕೆಲವು ಮುಂಗಡ ಏರಿಕೆಗಳನ್ನು ಕೊಡಬಹುದೆಂದು ಆಯ್ಕೆಯ ಪ್ರಕಟಣೆಗಳಲ್ಲಿ ಎಷ್ಟೋ ಸಲ ಬರೆದಿರುವುದು; ಕೇಂದ್ರದ ಮೂಲನಿಯಮಗಳಲ್ಲಿ ಇಪ್ಪತ್ತೇಳನೆಯದು ಇಂಥ ಏರಿಕೆಗೆ ಅವಕಾಶ ಕೊಡುವುದು. ಆದರೆ ಅದಕ್ಕೆ ಶಿಫಾರಸು ಮಾಡತಕ್ಕವರು ಸಂದರ್ಶನದ ಮಂಡಳಿಯವರು. "ನಿಮ್ಮ ನಿರೀಕ್ಷೆಯೇನು?" ಎಂದು ಅವರು ಕೇಳಿದಾಗ, ವಿನಯದಿಂದ "ತಮ್ಮ ಚಿತ್ತ" ಎಂದವನು ಆ ಬಾಗಿಲನ್ನು ತಾನೇ ಎಳೆದುಕೊಂಡಂತೆ. ಮಂಡಳಿಯು ಎದ್ದುಹೋದ ಮೇಲೆ ಎಷ್ಟು ಅರ್ಜಿ ಬರೆದರೂ ಶಿಫಾರಸು ಮಾಡಬೇಕಾದವರೇ ಅಲ್ಲಿರುವುದಿಲ್ಲ. ಇಂಥ ಅನುಭವಕ್ಕೆ ಇಷ್ಟು ಏರಿಕೆಯನ್ನು ಪರಿಶೀಲಿಸಬೇಕೆಂದು ಅಲ್ಲಿಯೇ ಹೇಳಿ, ಆಧಾರಗಳನ್ನು ಕೊಟ್ಟು ಬರತಕ್ಕದ್ದು.

ಕೇಳತಕ್ಕದ್ದೆಲ್ಲ ರೂಪಾಯಿಯಲ್ಲಿಯೇ ಇರುವುದೆಂದಲ್ಲ. 1909ರಲ್ಲಿ ಮೈಸೂರಿನ ದಿವಾನ ಟಿ. ಆನಂದರಾಯರು ಮುಖ್ಯ ಇಂಜಿನಿಯರ ಪದವಿಗೆ ಎಂ. ವಿಶ್ವೇಶ್ವರಯ್ಯನವರನ್ನು ಕರೆದಾಗ, ಅವರು ಒಡನೆಯೇ ಒಪ್ಪಿಕೊಳ್ಳಲಿಲ್ಲ. ಸಂಸ್ಥಾನದಲ್ಲಿ ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗಳಿಗೂ ಪ್ರೋತ್ಸಾಹವು ದೊರೆಯುವುದೇ ಎಂದು ಮೊದಲು ವಿಚಾರಿಸಿ, ಭರವಸೆ ಬಂದ ಮೇಲೆ ಬಂದರು. ಅವರು ಕೇಳಿದ್ದು ಕೆಲಸದ ಬಯಲನ್ನು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ.ವಿ. ರಾಮನ್ನರು 1917ರಲ್ಲಿ ಹಣಕಾಸಿನ ಇಲಾಖೆಯ ದೊಡ್ಡ ಸಂಬಳವನ್ನು ಬಿಟ್ಟು, ಅದಕ್ಕಿಂತ ಕಡಿಮೆಯ ಪ್ರಾಧ್ಯಾಪಕ ಪೀಠಕ್ಕೆ ಕಲ್ಕತ್ತೆಯ ವಿಶ್ವವಿದ್ಯಾನಿಲಯವನ್ನು ಸೇರಿದರು. ತಿಳಿದು ಬಿಟ್ಟದ್ದರಿಂದ ಅದು ತ್ಯಾಗವಾಯಿತು. ಅದೇ ಕಲ್ಕತ್ತೆಯಲ್ಲಿ 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ ಜಗದೀಶಚಂದ್ರ ಬೋಸರಿಗೆ, ಭಾರತೀಯನೆಂದು ಆಂಗ್ಲ ಪ್ರಾಧ್ಯಾಪಕರ ಸಂಬಳದ ಮೂರರಲ್ಲಿ ಎರಡು ಪಾಲು, ನೇಮಕವು ತಾತ್ಕಾಲಿಕವೆಂದು ಅದರಲ್ಲಿಯೂ ಅರ್ಧ ಎಂದು ಗೊತ್ತಾಯಿತು. ಅವರು ಮೂರು ವರ್ಷ ಆ ಹಣವನ್ನು ಮುಟ್ಟಲಿಲ್ಲ. ಪಾಠವನ್ನೂ ಒಂದು ದಿನ ನಿಲ್ಲಿಸಲಿಲ್ಲ. ಕೊನೆಗೆ ಸರಕಾರವು ಅವರನ್ನು ಖಾಯಂ ಮಾಡಿ, ಹಿಂದಿನ ದಿನದಿಂದ ಪೂರ್ತಿ ಬಾಕಿಯನ್ನು ಸಲ್ಲಿಸಿತು. ಈ ಮೂವರಲ್ಲಿ ಒಬ್ಬರಾದರೂ ತಮ್ಮ ಯೋಗ್ಯತೆಯ ವಿಷಯದಲ್ಲಿ "ಸಿಕ್ಕಿದ್ದೇ ಪುಣ್ಯ" ಎನ್ನಲಿಲ್ಲವೆಂಬುದು ನೆನಪಿಡತಕ್ಕ ಸಂಗತಿ.

ಕೇಳುವುದಕ್ಕೂ ಒಂದು ಎಲ್ಲೆಯುಂಟು. ಹಕ್ಕಿನ ಅರ್ಜಿಯ ಪಕ್ಕದಲ್ಲಿಯೇ ವಶೀಲಿಯ ಓಣಿಯೂ ಇರುವುದು. ಪರಿಚಯದ ಅಧಿಕಾರಿ, ಸಂಬಂಧಿಕರ ಸಂಬಂಧಿಕರು, ಒಂದು ದೂರವಾಣಿಯ ಮಾತು. ಆ ಓಣಿಯಲ್ಲಿ ದೊರೆತ ಮೆಟ್ಟಿಲು ಇನ್ನೊಬ್ಬನ ಕಾಲಡಿಯಿಂದ ಎಳೆದದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಂಡತಿ ಲಕ್ಕಮ್ಮನು ಅದು ತಮ್ಮ ಕಾಯಕದ್ದಲ್ಲವೆಂದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳೆಂದು ಪರಂಪರೆಯು ಹೇಳುವುದು. ಈ ಕಥೆಯನ್ನು ಕೇಳಿದವರು ಹೆಚ್ಚನ್ನು ಹಿಂದಿರುಗಿಸಿದ್ದನ್ನು ಮಾತ್ರ ನೆನೆಯುವರು. ಆದರೆ ಹೆಚ್ಚು ಯಾವುದೆಂದು ತಿಳಿಯಬೇಕಾದರೆ, ತನ್ನದು ಎಷ್ಟೆಂಬುದು ಆಕೆಗೆ ಸರಿಯಾಗಿ ಗೊತ್ತಿರಲೇಬೇಕಷ್ಟೆ. ತನ್ನ ಪಾಲನ್ನು ಅಳೆಯಲಾರದವನು ಬಿಡಲೂ ಅರಿಯನು, ಕೇಳಲೂ ಅರಿಯನು.

ಶಿವಮೊಗ್ಗೆಯಿಂದ ಹೋದ ಅರ್ಜಿಗೆ ಎರಡು ಸಾಲಿನ ಉತ್ತರವು ಬಂದಿತು: ಸೇರಿದ ಮೇಲೆ ದಾಖಲೆಗಳನ್ನು ಹಾಜರುಪಡಿಸಿದರೆ ಪರಿಶೀಲಿಸಲಾಗುವುದು. ಆ ಎರಡು ಸಾಲನ್ನು ತಂದೆಯು ಜೋಪಾನವಾಗಿ ಕಡತಕ್ಕೆ ಸೇರಿಸಿಸಿದನು. ಕೇಳಿದ್ದು ಸೇರುವ ಮೊದಲೇ ಎಂಬುದಕ್ಕೆ ಅದೇ ಸಾಕ್ಷಿ. ಮಗಳು ಹೋಗಿ ಸೇರಿದಳು. ಒಂಬತ್ತು ತಿಂಗಳು ಮೊದಲನೆಯ ಮೆಟ್ಟಿಲಿನ ಸಂಬಳವನ್ನೇ ಪಡೆದಳು. ನಡುವೆ ಎರಡು ಸಲ ನೆನಪಿನೋಲೆ ಬರೆದಳು. ಕಚೇರಿಯಲ್ಲಿ ಆಕೆಯ ಹೆಸರೇನೂ ಕೆಡಲಿಲ್ಲ. ಅವಳ ಕಾಗದಗಳನ್ನು ನೋಡಿ ಇನ್ನಿಬ್ಬರು ತಮ್ಮವನ್ನೂ ಹುಡುಕಿ ತೆಗೆದರು. ಹತ್ತನೆಯ ತಿಂಗಳಲ್ಲಿ ಸೇರಿದ ದಿನದಿಂದಲೇ 67,000ಕ್ಕೆ ನಿಗದಿಪಡಿಸಿದ ಆದೇಶವೂ ಬಾಕಿಯ ಪಟ್ಟಿಯೂ ಬಂದವು. ಊರಿನಲ್ಲಿ ಆ ಪಟ್ಟಿಯನ್ನು ಓದಿದ ತಂದೆಯು ತುಟ್ಟಿಭತ್ಯೆಯ ಬಾಕಿ ಸರಿಯಿದೆಯೆಂದೂ, ಮನೆ ಬಾಡಿಗೆ ಭತ್ಯೆಯ ಬಾಕಿಯನ್ನು ಕೂಡಿಸಲು ಮರೆತಿರುವರೆಂದೂ ಕಂಡುಹಿಡಿದು, ಯಾರೂ ಹೇಳದೆಯೇ ಹೊಸ ಹಾಳೆಯನ್ನು ಎಳೆದುಕೊಂಡನು.

ಆದರೆ ಆ ಮನೆಯಲ್ಲಿ ಇನ್ನೊಬ್ಬನಿದ್ದನು. ಮಗಳಿಗಿಂತ ಮೂರು ವರ್ಷಕ್ಕೆ ಕಿರಿಯವನಾದ ಮಗನು ಸರಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನು. ತಿಥಿಯನ್ನು ನೋಡದೆ ಬರುವವನು ಅತಿಥಿಯೆಂದು ಹಿರಿಯರು ಅರ್ಥ ಹೇಳುವರು. ಇಲ್ಲಿ ಸಂಬಳವೇ ತಿಥಿಯನ್ನು ನೋಡದೆ ಬರತಕ್ಕದ್ದಾಗಿತ್ತು. ಅದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಗೌರವಧನವೆಂದು ಹೆಸರು. ಖಾಯಂ ಉಪನ್ಯಾಸಕರು ಹೇಳುವ ಪಾಠವನ್ನೇ ಅವನೂ ಹೇಳುತ್ತಿದ್ದನು. ಅದೇ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದನು. ಅಕ್ಕನ ಆದೇಶವು ಬಂದ ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪಾ, ನನಗೂ ಒಂದು ಅರ್ಜಿ ಬರೆದುಕೊಡಿ" ಎಂದು ಅವನು ನಗುತ್ತ ಹೇಳಿದನು. ಬೇರೆ ಯಾರೂ ನಗಲಿಲ್ಲ.

ತಂದೆಯು ಮರುದಿನ ಕುಳಿತದ್ದು ನಿಜ. ಮೊದಲ ವಾಕ್ಯವನ್ನೂ ಎರಡನೆಯದನ್ನೂ ಬರೆದನು. ಮೂರನೆಯದರಲ್ಲಿ ನಿಯಮವನ್ನು ಉಲ್ಲೇಖಿಸಬೇಕಾದ ಕಡೆ ಲೇಖನಿಯು ನಿಂತಿತು. ಸಂವಿಧಾನದ 39ನೆಯ ವಿಧಿಯಲ್ಲಿ ಸ್ತ್ರೀಪುರುಷರಿಗೆ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಆದರ್ಶವಿದೆ. 1982ರಲ್ಲಿ ರಣಧೀರಸಿಂಗನೆಂಬ ಚಾಲಕನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತತ್ತ್ವಕ್ಕೆ ಬಲವನ್ನು ಕೊಟ್ಟಿತು. 2006ರಲ್ಲಿ ಕರ್ನಾಟಕದಿಂದಲೇ ಹೋದ ಉಮಾದೇವಿಯ ಮೊಕದ್ದಮೆಯಲ್ಲಿ, ಕ್ರಮಬದ್ಧವಾದ ಆಯ್ಕೆಯಿಲ್ಲದೆ ಬಂದ ತಾತ್ಕಾಲ ನೌಕರರು ಖಾಯಮಾತಿಯನ್ನು ಹಕ್ಕೆಂದು ಕೇಳಲಾಗದೆಂದು ಅದೇ ನ್ಯಾಯಾಲಯವು ತೀರ್ಪಿತ್ತಿತು. 2016ರಲ್ಲಿ ಪಂಜಾಬಿನ ಜಗಜಿತಸಿಂಗನ ಮೊಕದ್ದಮೆಯಲ್ಲಿ, ಖಾಯಂ ನೌಕರನ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರನಿಗೆ ಆ ಶ್ರೇಣಿಯ ಕನಿಷ್ಠ ವೇತನವು ಸಲ್ಲತಕ್ಕದ್ದೆಂದು ಹೇಳಿತು. ಅಂದರೆ ಮೊದಲನೆಯ ಮೆಟ್ಟಿಲು ಮಾತ್ರ. ಅದರ ಮೇಲೆ ಏಣಿಯಿಲ್ಲ. ಆ ಒಂದು ಮೆಟ್ಟಿಲಿಗೂ ತನ್ನ ಕೆಲಸವು ಖಾಯಂ ನೌಕರನ ಕೆಲಸಕ್ಕೆ ಸಮವೆಂದು ತೋರಿಸಿಕೊಡುವ ಭಾರವು ಕೇಳುವವನ ಮೇಲೆಯೇ ಇರುವುದು.

ಆ ಅರ್ಜಿಯು ಒಬ್ಬನ ಅರ್ಜಿಯಾಗಿ ಮುಗಿಯಲಿಲ್ಲ. ಮಗನು ಕಾಲೇಜಿನ ಇತರ ಅತಿಥಿ ಉಪನ್ಯಾಸಕರನ್ನು ಜಗಲಿಗೆ ಕರೆತಂದನು. ಯಾರು ವಾರಕ್ಕೆ ಎಷ್ಟು ಗಂಟೆ ಪಾಠ ಹೇಳುವರು, ಯಾವ ಯಾವ ಪರೀಕ್ಷೆಯ ಕೆಲಸ ಮಾಡಿದರು, ಎಷ್ಟು ವರ್ಷದಿಂದ ಇರುವರು ಎಂಬುದನ್ನೆಲ್ಲ ತಂದೆಯು ಹಳೆಯ ಲೆಕ್ಕದ ಪುಸ್ತಕದಂತೆ ಗೆರೆಯೆಳೆದು ಬರೆದಿಟ್ಟನು. ಮಗಳು ರಜೆಯಲ್ಲಿ ಬಂದಾಗ ತೀರ್ಪುಗಳ ಪ್ರತಿಗಳನ್ನು ತಂದುಕೊಟ್ಟಳು. ಅದರ ಫಲವೇನಾಗುವುದೋ ಕಾಲವೇ ಹೇಳಬೇಕು. ಆದರೂ 72 ಗಜ ಬಟ್ಟೆಯ ಲೆಕ್ಕವನ್ನು ಒಂದು ಕಾಲಕ್ಕೆ ಹಾಕಿದವರು, ತಾವು ಕಾಣದ ಲಕ್ಷಾಂತರ ಮನೆಗಳ ಪರವಾಗಿ ಮೇಜಿನ ಸುತ್ತ ಕುಳಿತು ಹಾಕಿದರೆಂಬುದು ಮರೆಯತಕ್ಕದ್ದಲ್ಲ. ಇಂದು ನಿಯಮವೆಂದು ಪುಸ್ತಕದಲ್ಲಿರುವುದೆಲ್ಲ ಹಿಂದೊಮ್ಮೆ ಸಂಕೋಚವನ್ನು ಬಿಟ್ಟವರು ಬರೆದ ಅರ್ಜಿಯೇ ಆಗಿತ್ತು. ನಿಯಮವಿರುವವನು ಅದನ್ನು ತಿಳಿದು ಕೇಳತಕ್ಕದ್ದು; ಕೇಳಿ ಪಡೆದವನು, ನಿಯಮವಿಲ್ಲದವನ ಅರ್ಜಿಯನ್ನು ಬರೆಯುವಾಗ ಪಕ್ಕದಲ್ಲಿ ಕುಳಿತಿರತಕ್ಕದ್ದು.